ಎಂಟು ಕೋರ್‌ಗಳ ನಡುವೆ ವೇಗದ ಕೋರ್ ಯಾರ ಪಾಲಿಗೆ?

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಇ-ಹರಾಜು ಬಂದ ಮೇಲೆ, ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡಿ, ದರವನ್ನು ಮೊಬೈಲಿನಲ್ಲಿ ನಮೂದಿಸುತ್ತಾರೆ. ಅವರು ದರ ಒತ್ತುವ ಹೊತ್ತಿನಲ್ಲಿ ಅದೇ ಮೊಬೈಲು ವಾಟ್ಸ್ಆ್ಯಪ್‌ಗೆ ಬಂದ ಚಿತ್ರಗಳನ್ನು ಇಳಿಸಿಕೊಳ್ಳುತ್ತಿರಬಹುದು, ಹಳೆಯ ಫೋಟೊಗಳನ್ನು ಬ್ಯಾಕಪ್ ಮಾಡುತ್ತಿರಬಹುದು, ಯಾವುದೋ ಆ್ಯಪ್‌ನ ಹೊಸ ಆವೃತ್ತಿಯನ್ನು ಸ್ಥಾಪಿಸುತ್ತಿರಬಹುದು. ಡಬ್ಬಿಯ ಮೇಲೆ ‘ಆಕ್ಟಾ ಕೋರ್’ ಎಂದು ಮುದ್ರಿಸಿರುವುದರಿಂದ ಒಳಗಿನ ಪ್ರೊಸೆಸರಿನಲ್ಲಿ ಎಂಟು ಕೋರ್‌ಗಳು, ಎಂದರೆ ಲೆಕ್ಕ ನಡೆಸುವ ಎಂಟು ಘಟಕಗಳು, ಇವೆ ಎಂಬುದು ಎಲ್ಲರಿಗೂ ತಿಳಿದಿದೆ. ಆದರೆ ಆ ಎಂಟೂ ಸಮಾನವಲ್ಲ ಎಂಬುದನ್ನಾಗಲಿ, ಯಾವ ಕೆಲಸ ಯಾವ ಕೋರ್‌ಗೆ ಹೋಗಬೇಕೆಂದು ಪ್ರತಿ ಕೆಲವು ಮಿಲಿಸೆಕೆಂಡಿಗೊಮ್ಮೆ ಯಾರೋ ತೀರ್ಮಾನಿಸುತ್ತಿದ್ದಾರೆ ಎಂಬುದನ್ನಾಗಲಿ ಡಬ್ಬಿ ಹೇಳುವುದಿಲ್ಲ. ಆ ತೀರ್ಮಾನ ಮಾಡುವುದು ಆಪರೇಟಿಂಗ್ ಸಿಸ್ಟಮ್‌ನ ಶೆಡ್ಯೂಲರ್ ಎಂಬ ಭಾಗ. ವೇಗದ ಕೋರ್‌ಗೆ ಕೆಲಸ ಕೊಡುವುದು ಅದಕ್ಕೆ ಕಷ್ಟವಲ್ಲ. ಯಾವ ಕೆಲಸಕ್ಕೆ ವೇಗದ ಕೋರ್ ಬೇಕಾಗಿಲ್ಲ ಎಂದು, ಆ ಕೆಲಸ ಮುಗಿಯುವ ಮೊದಲೇ, ಊಹಿಸುವುದೇ ಅದರ ನಿಜವಾದ ಕಷ್ಟ.

ಕೋರ್‌ಗಳು ಅಸಮಾನವಾಗಿ ಏಕಿರಬೇಕು ಎಂಬುದನ್ನು ಮೊದಲು ನೋಡೋಣ. ಪ್ರೊಸೆಸರ್ ಕೆಲಸ ಮಾಡುವಾಗ ವ್ಯಯವಾಗುವ ವಿದ್ಯುತ್ತು ಅದರ ಆವರ್ತನಕ್ಕೆ (ಅದರ ಗಡಿಯಾರ ಸೆಕೆಂಡಿಗೆ ಎಷ್ಟು ಬಾರಿ ಮಿಡಿಯುತ್ತದೆ ಎಂಬುದಕ್ಕೆ) ಅನುಪಾತದಲ್ಲಿಯೂ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ಆವರ್ತನವನ್ನು ಏರಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕಾಗುವುದರಿಂದ, ಕೊನೆಯ ಸ್ವಲ್ಪ ವೇಗಕ್ಕಾಗಿ ತೆರುವ ಬೆಲೆ ತುಂಬ ದುಬಾರಿಯಾಗುತ್ತದೆ. ಕೋರಿನ ವಿನ್ಯಾಸದಲ್ಲಿಯೂ ಇದೇ ಕಥೆ. ಮೀಡಿಯಾಟೆಕ್ ಕಂಪನಿಯ ಹೀಲಿಯೊ ಜಿ99 ಚಿಪ್‌ನಲ್ಲಿ 2.2 ಗಿಗಾಹರ್ಟ್ಸ್‌ನ ಎರಡು ಕಾರ್ಟೆಕ್ಸ್-ಎ76 ಕೋರ್‌ಗಳೂ 2.0 ಗಿಗಾಹರ್ಟ್ಸ್‌ನ ಆರು ಕಾರ್ಟೆಕ್ಸ್-ಎ55 ಕೋರ್‌ಗಳೂ ಇವೆ. ಆವರ್ತನದ ಅಂಕಿಯನ್ನಷ್ಟೇ ನೋಡಿದವರಿಗೆ ಇವುಗಳ ನಡುವೆ ಹತ್ತರಲ್ಲೊಂದು ಪಾಲಿನ ವ್ಯತ್ಯಾಸ ಕಾಣುತ್ತದೆ. ವಾಸ್ತವದಲ್ಲಿ ಎ76 ಒಂದು ಗಡಿಯಾರದ ಮಿಡಿತದಲ್ಲಿ ಪ್ರೋಗ್ರಾಮಿನ ನಾಲ್ಕು ಆದೇಶಗಳವರೆಗೆ ಬಿಡಿಸಿಕೊಳ್ಳಬಲ್ಲದು. ಒಂದು ಆದೇಶ ಮೆಮೊರಿಗಾಗಿ ಕಾಯುತ್ತಿದ್ದರೆ ಅದನ್ನು ಬದಿಗಿಟ್ಟು, ಅದನ್ನು ಅವಲಂಬಿಸದ ಮುಂದಿನ ಆದೇಶಗಳನ್ನು ಮುಗಿಸಿಕೊಳ್ಳಬಲ್ಲದು. ಎ55 ಎರಡೇ ಆದೇಶಗಳನ್ನು ಬಿಡಿಸಿಕೊಂಡು, ಬಂದ ಸಾಲಿನಲ್ಲಿಯೇ ನಡೆಸುತ್ತದೆ. ಆದ್ದರಿಂದ ಆವರ್ತನ ಹೆಚ್ಚುಕಡಿಮೆ ಒಂದೇ ಆದರೂ ಮುಗಿಯುವ ಕೆಲಸ ಬಹಳ ಬೇರೆ, ಅದಕ್ಕೆ ಸುಡುವ ಬ್ಯಾಟರಿಯೂ ಬೇರೆ. ಮೊಬೈಲ್ ಕೊಳ್ಳುವಾಗ ಕೋರ್ ಎಷ್ಟು, ಗಿಗಾಹರ್ಟ್ಸ್ ಎಷ್ಟು ಎಂದು ಕೇಳುವವರು ದೊಡ್ಡ ಕೋರ್ ಎಷ್ಟು ಎಂದೂ ಕೇಳಬೇಕೆಂದು ನನಗೆ ಬಲವಾಗಿ ಅನಿಸುವುದು ಇದಕ್ಕೇ. ಸ್ನ್ಯಾಪ್‌ಡ್ರ್ಯಾಗನ್ 625 ಸಹ ಎಂಟು ಕೋರಿನ ಚಿಪ್ಪೇ ಆಗಿತ್ತು; ಆದರೆ ಅದರ ಎಂಟೂ ಕಾರ್ಟೆಕ್ಸ್-ಎ53 ಎಂಬ ಚಿಕ್ಕ ಕೋರ್‌ಗಳು.

ದೊಡ್ಡ ಮತ್ತು ಚಿಕ್ಕ ಕೋರ್‌ಗಳನ್ನು ಒಂದೇ ಚಿಪ್‌ನಲ್ಲಿ ಬೆರೆಸುವ ಬಿಗ್-ಲಿಟಲ್ ವಿನ್ಯಾಸವನ್ನು ಆರ್ಮ್ ಕಂಪನಿ 2011ರಲ್ಲಿ ಪ್ರಕಟಿಸಿತು. ಆಗಿನ ಜೋಡಿ ಕಾರ್ಟೆಕ್ಸ್-ಎ15 ಮತ್ತು ಕಾರ್ಟೆಕ್ಸ್-ಎ7. ಎರಡೂ ಬಗೆಯ ಕೋರ್‌ಗಳು ಒಂದೇ ಆದೇಶಸಂಚಯವನ್ನು, ಎಂದರೆ ಆದೇಶಗಳ ಒಂದೇ ಪಟ್ಟಿಯನ್ನು, ಅರ್ಥಮಾಡಿಕೊಳ್ಳಬೇಕು ಎಂಬುದು ಇದರ ಮೂಲ ನಿಯಮ. ಇಲ್ಲವಾದರೆ ಒಂದು ಕೋರ್‌ನಲ್ಲಿ ಅರ್ಧ ನಡೆದ ಪ್ರೋಗ್ರಾಮ್ ಇನ್ನೊಂದಕ್ಕೆ ಹೋದ ಕೂಡಲೇ ತನಗೆ ತಿಳಿಯದ ಆದೇಶ ಎದುರಾಗಿ ಕುಸಿಯುತ್ತದೆ. 2013ರಲ್ಲಿ ಬಂದ ಸ್ಯಾಮ್‌ಸಂಗ್‌ನ ಎಕ್ಸಿನೋಸ್ 5 ಆಕ್ಟಾದಲ್ಲಿ ನಾಲ್ಕು ದೊಡ್ಡ ಕೋರ್‌ಗಳ ಗುಂಪು ಅಥವಾ ನಾಲ್ಕು ಚಿಕ್ಕ ಕೋರ್‌ಗಳ ಗುಂಪು, ಎರಡರಲ್ಲಿ ಒಂದೇ ಒಂದು ಹೊತ್ತಿಗೆ ಕೆಲಸ ಮಾಡುತ್ತಿತ್ತು. ಆ್ಯಪಲ್‌ನ 2016ರ ಎ10 ಫ್ಯೂಷನ್ ಚಿಪ್ಪಿನಲ್ಲಿಯೂ ಎರಡು ಜೋಡಿಗಳಲ್ಲಿ ಒಂದಕ್ಕೆ ಮಾತ್ರ ಸರದಿ. ಅಂಥ ಚಿಪ್ಪಿನಲ್ಲಿ ಶೆಡ್ಯೂಲರ್ ಕಟ್ಟಬೇಕಾಗಿದ್ದ ಊಹೆ ಸುಲಭದ್ದಾಗಿತ್ತು, ಈಗ ಹೊರೆ ಹೆಚ್ಚೋ ಕಡಿಮೆಯೋ ಎಂಬುದಷ್ಟೇ. ಎಲ್ಲ ಕೋರ್‌ಗಳೂ ಏಕಕಾಲದಲ್ಲಿ ದುಡಿಯತೊಡಗಿದ ಮೇಲೆ, ಉದಾಹರಣೆಗೆ ಆ್ಯಪಲ್‌ನಲ್ಲಿ 2017ರ ಎ11 ಚಿಪ್ಪಿನಿಂದ, ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕವಾಗಿ ಜಾಗ ಹುಡುಕುವ ಹೊಣೆ ಶೆಡ್ಯೂಲರಿನ ಮೇಲೆ ಬಿತ್ತು.

ಶೆಡ್ಯೂಲರಿನ ಕಣ್ಣಿಗೆ ಆ್ಯಪ್ ಎಂಬುದು ಕಾಣುವುದಿಲ್ಲ, ಕಾಣುವುದು ಥ್ರೆಡ್‌ಗಳು, ಎಂದರೆ ಆ್ಯಪ್‌ನೊಳಗೆ ಪ್ರತ್ಯೇಕವಾಗಿ ಓಡುವ ಕೆಲಸದ ಎಳೆಗಳು. ಹರಾಜಿನ ಆ್ಯಪ್ ಒಂದರಲ್ಲೇ ಬೆರಳಿನ ಸ್ಪರ್ಶಕ್ಕೆ ಉತ್ತರಿಸುವ ಥ್ರೆಡ್, ಪರದೆಯನ್ನು ಚಿತ್ರಿಸುವ ಥ್ರೆಡ್, ಜಾಲದಿಂದ ದತ್ತಾಂಶ ತರುವ ಥ್ರೆಡ್ ಹೀಗೆ ಹಲವು ಇರುತ್ತವೆ. ಬಹುಪಾಲು ಥ್ರೆಡ್‌ಗಳು ಬಹುಪಾಲು ಹೊತ್ತು ನಿದ್ರೆಯಲ್ಲಿರುತ್ತವೆ. ಎಚ್ಚರಗೊಂಡ ಥ್ರೆಡ್ ಒಂದು ಕೋರಿನ ಮುಂದಿನ ಸರದಿಸಾಲಿಗೆ ಸೇರುತ್ತದೆ, ಅಲ್ಪಕಾಲ ಓಡುತ್ತದೆ, ಮತ್ತೆ ಮಲಗುತ್ತದೆ. ಇಲ್ಲಿ ಎರಡು ಪ್ರಶ್ನೆಗಳಿವೆ: ಒಂದೇ ಕೋರ್‌ಗಾಗಿ ಕಾದವರಲ್ಲಿ ಮೊದಲು ಯಾರು, ಮತ್ತು ಎಚ್ಚರಗೊಂಡವನನ್ನು ಯಾವ ಕೋರಿನ ಸಾಲಿಗೆ ಕಳುಹಿಸಬೇಕು. ಮೊದಲನೆಯ ಪ್ರಶ್ನೆಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ 2007ರಿಂದ ಸಿಎಫ್‌ಎಸ್ ಎಂಬ ಕ್ರಮವೂ, 2023ರ 6.6ನೇ ಆವೃತ್ತಿಯಿಂದ ಇಇವಿಡಿಎಫ್ ಎಂಬ ಕ್ರಮವೂ ಉತ್ತರ ನೀಡಿವೆ. ನೈಸ್ ಎಂಬ ಆದ್ಯತೆಯ ಅಂಕಿ ಕೆಲಸ ಮಾಡುವುದು ಮುಖ್ಯವಾಗಿ ಈ ಮೊದಲ ಪ್ರಶ್ನೆಯಲ್ಲಿ. ನೈಸ್ ಬೆಲೆಯನ್ನು ತಗ್ಗಿಸಿದರೆ ತಮ್ಮ ಪ್ರೋಗ್ರಾಮ್ ವೇಗದ ಕೋರ್‌ಗೆ ಹೋಗುತ್ತದೆ ಎಂದು ಬಹಳ ವಿದ್ಯಾರ್ಥಿಗಳು ನಂಬಿರುತ್ತಾರೆ. ಅದು ಒಂದು ಸಾಲಿನಲ್ಲಿ ಸಿಗುವ ಸಮಯದ ಪಾಲನ್ನು ಹೆಚ್ಚಿಸುತ್ತದೆ, ಸಾಲಿನ ಮುಂದಿರುವ ಕೋರನ್ನು ದೊಡ್ಡದು ಮಾಡುವುದಿಲ್ಲ. ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದು ಎರಡನೆಯ ಪ್ರಶ್ನೆ.

ಲಿನಕ್ಸ್ ಇದಕ್ಕೆ ಕಟ್ಟಿಕೊಂಡಿರುವ ಉತ್ತರವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಸಾರ್ಥಕ, ಏಕೆಂದರೆ ಆಂಡ್ರಾಯ್ಡ್‌ನ ತಳದಲ್ಲಿರುವುದೂ ಲಿನಕ್ಸೇ. ವ್ಯವಸ್ಥೆಯಲ್ಲಿರುವ ಅತಿ ದೊಡ್ಡ ಕೋರ್ ತನ್ನ ಗರಿಷ್ಠ ಆವರ್ತನದಲ್ಲಿ ಓಡುವಾಗಿನ ಸಾಮರ್ಥ್ಯಕ್ಕೆ 1024 ಎಂಬ ಅಂಕಿ ಕೊಡಲಾಗುತ್ತದೆ. ಚಿಕ್ಕ ಕೋರ್‌ಗಳಿಗೆ ಅದೇ ಅಳತೆಯಲ್ಲಿ ಕಡಿಮೆ ಅಂಕಿ. ಪ್ರತಿಯೊಂದು ಥ್ರೆಡ್‌ಗೂ ಅದೇ ಅಳತೆಯಲ್ಲಿ ಒಂದು ಬಳಕೆಯ ಅಂದಾಜು ಇರುತ್ತದೆ. ಅಂದಾಜು ಕಟ್ಟುವ ರೀತಿ ಹೀಗೆ: ಕಾಲವನ್ನು ಸುಮಾರು ಒಂದೊಂದು ಮಿಲಿಸೆಕೆಂಡಿನ ತುಂಡುಗಳನ್ನಾಗಿ ಮಾಡಿ, ಪ್ರತಿ ತುಂಡಿನಲ್ಲಿ ಆ ಥ್ರೆಡ್ ಎಷ್ಟು ಹೊತ್ತು ಓಡಿತು ಎಂದು ಲೆಕ್ಕ ಹಿಡಿಯಲಾಗುತ್ತದೆ, ಹಳೆಯ ತುಂಡುಗಳ ತೂಕ ಕ್ರಮೇಣ ಇಳಿಯುತ್ತ, 32 ತುಂಡುಗಳ ಹಿಂದಿನದು ಈಗಿನದಕ್ಕಿಂತ ಅರ್ಧದಷ್ಟು ಮಾತ್ರ ತೂಗುತ್ತದೆ. 2013ರ 3.8ನೇ ಆವೃತ್ತಿಯಲ್ಲಿ ಸೇರಿದ ಈ ವಿಧಾನಕ್ಕೆ ಪೆಲ್ಟ್ ಎಂದು ಹೆಸರು.

ಈಗ ಥ್ರೆಡ್‌ನ ಅಂದಾಜನ್ನೂ ಕೋರಿನ ಸಾಮರ್ಥ್ಯವನ್ನೂ ಹೋಲಿಸಬಹುದು. ಕೋರ್ ಅಂಚಿನವರೆಗೆ ತುಂಬಬಾರದೆಂದು ಕಾಲು ಭಾಗದಷ್ಟು ಹೆಚ್ಚುವರಿ ಸೇರಿಸಿ ಹೋಲಿಸಲಾಗುತ್ತದೆ. ಚಿಕ್ಕ ಕೋರಿನ ಸಾಮರ್ಥ್ಯ 400 ಎಂದಿಟ್ಟುಕೊಳ್ಳಿ. ಅಂದಾಜು 300 ಇರುವ ಥ್ರೆಡ್‌ಗೆ 375 ಬೇಕು, ಅದು ಚಿಕ್ಕ ಕೋರ್‌ನಲ್ಲಿ ಹಿಡಿಸುತ್ತದೆ. 350 ಇರುವುದಕ್ಕೆ 437 ಬೇಕು, ಅದು ಹಿಡಿಸುವುದಿಲ್ಲ. ಅಂಥ ಥ್ರೆಡ್ ಚಿಕ್ಕ ಕೋರ್‌ನಲ್ಲಿ ಸಿಕ್ಕಿಕೊಂಡಿದ್ದರೆ ಅದಕ್ಕೆ ‘ಮಿಸ್‌ಫಿಟ್’ ಎಂಬ ಗುರುತು ಬಿದ್ದು, ದೊಡ್ಡ ಕೋರ್ ತೆರವಾದೊಡನೆ ಅದನ್ನು ಅಲ್ಲಿಗೆ ಎಳೆದುಕೊಳ್ಳಲಾಗುತ್ತದೆ. ಎರಡೂ ಕಡೆ ಹಿಡಿಸುವ ಥ್ರೆಡ್‌ಗೆ 2019ರ 5.0ನೇ ಆವೃತ್ತಿಯಲ್ಲಿ ಬಂದ ಶಕ್ತಿ-ಪ್ರಜ್ಞೆಯ ಶೆಡ್ಯೂಲಿಂಗ್ ಇನ್ನೊಂದು ಲೆಕ್ಕ ಹಾಕುತ್ತದೆ: ಇಲ್ಲಿಟ್ಟರೆ ಒಟ್ಟು ವಿದ್ಯುತ್ತು ಎಷ್ಟು, ಅಲ್ಲಿಟ್ಟರೆ ಎಷ್ಟು. ಒಂದು ಗುಂಪಿನ ಕೋರ್‌ಗಳು ಸಾಮಾನ್ಯವಾಗಿ ಒಂದೇ ಆವರ್ತನವನ್ನು ಹಂಚಿಕೊಳ್ಳುವುದರಿಂದ ಈ ಲೆಕ್ಕ ಒಂದು ಕೋರಿಗೆ ಮುಗಿಯುವುದಿಲ್ಲ. ಒಂದು ಹೊಸ ಥ್ರೆಡ್ ಬಂದು ಇಡೀ ಗುಂಪಿನ ಆವರ್ತನವನ್ನು ಒಂದು ಮೆಟ್ಟಿಲು ಮೇಲೇರಿಸುವಂತಾದರೆ ಆ ವೆಚ್ಚವನ್ನೂ ಅದೇ ಥ್ರೆಡ್‌ನ ಖಾತೆಗೆ ಬರೆಯಬೇಕು. ಯಾವುದೇ ಕೋರ್ ತನ್ನ ಮಿತಿ ಮೀರಿ ತುಂಬಿದರೆ ವಿದ್ಯುತ್ತಿನ ಲೆಕ್ಕವನ್ನು ಕೈಬಿಟ್ಟು, ಹೊರೆಯನ್ನು ಎಲ್ಲೆಡೆ ಹಂಚುವ ಹಳೆಯ ಕ್ರಮಕ್ಕೆ ಮರಳಲಾಗುತ್ತದೆ. ಇಷ್ಟೆಲ್ಲ ಲೆಕ್ಕ ಥ್ರೆಡ್ ಎಚ್ಚರಗೊಳ್ಳುವ ಹೊತ್ತಿನಲ್ಲೇ ಮುಗಿಯಬೇಕಾಗಿರುವುದರಿಂದ, ಲೆಕ್ಕವೇ ಭಾರವಾಗದಂತೆ ಪ್ರತಿ ಗುಂಪಿನಲ್ಲಿ ಹೆಚ್ಚು ಬಿಡುವಿರುವ ಒಂದು ಕೋರನ್ನು ಮುಖ್ಯವಾಗಿ ಪರಿಗಣಿಸಲಾಗುತ್ತದೆ.

ಈ ವಿಧಾನ ಸುಂದರವಾದದ್ದು, ಆದರೆ ಅದರ ದೌರ್ಬಲ್ಯ ಅದರ ಬುನಾದಿಯಲ್ಲಿಯೇ ಇದೆ: ಅದಕ್ಕೆ ಗೊತ್ತಿರುವುದು ಕಳೆದ ಕಾಲ ಮಾತ್ರ. ರೀಲರ್ ಒಬ್ಬರು ಲಾಟನ್ನು ನೋಡುತ್ತ ನಿಂತಿದ್ದಾಗ ಆ್ಯಪ್‌ನ ಮುಖ್ಯ ಥ್ರೆಡ್ ಏನೂ ಮಾಡದೆ ಮಲಗಿರುತ್ತದೆ, ಅದರ ಅಂದಾಜು ಸೊನ್ನೆಯ ಹತ್ತಿರ ಇಳಿದಿರುತ್ತದೆ. ಬೆರಳು ತಾಗಿದೊಡನೆ ಅದಕ್ಕೆ ಒಮ್ಮೆಲೇ ಬಹಳ ಕೆಲಸ. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಯಲ್ಲಿ ಒಂದು ಚೌಕಟ್ಟು (ಒಂದು ಬಾರಿಯ ಚಿತ್ರ) ಸಿದ್ಧವಾಗಲು ಸಿಗುವುದು 16.6 ಮಿಲಿಸೆಕೆಂಡು, 120 ಬಾರಿಯ ಪರದೆಯಾದರೆ 8.3. ಸೊನ್ನೆಯಿಂದ ಹೊರಟ ಥ್ರೆಡ್ ಅತಿ ದೊಡ್ಡ ಕೋರ್‌ನಲ್ಲಿ, ಪೂರ್ಣ ಆವರ್ತನದಲ್ಲಿ, ಎಡೆಬಿಡದೆ ಓಡಿದರೂ 16 ಮಿಲಿಸೆಕೆಂಡಿನ ಕೊನೆಗೆ ಅದರ ಅಂದಾಜು ಸುಮಾರು 300ಕ್ಕೆ ಮುಟ್ಟುತ್ತದೆ, 32 ಮಿಲಿಸೆಕೆಂಡಿಗೆ 512ಕ್ಕೆ. ಚಿಕ್ಕ ಕೋರ್‌ನಲ್ಲಿ ಓಡಿದ ಸಮಯವನ್ನು ಅದರ ಸಾಮರ್ಥ್ಯಕ್ಕೆ ತಕ್ಕಂತೆ ಇಳಿಸಿ ಎಣಿಸುವುದರಿಂದ ಅಲ್ಲಿ ಏರಿಕೆ ಇನ್ನೂ ನಿಧಾನ. ಹಾಗಾಗಿ ‘ಇದಕ್ಕೆ ದೊಡ್ಡ ಕೋರ್ ಬೇಕು’ ಎಂದು ಲೆಕ್ಕ ತಿಳಿಸುವ ಹೊತ್ತಿಗೆ ಚೌಕಟ್ಟಿನ ಗಡುವು ಮುಗಿದಿರುತ್ತದೆ, ಪರದೆ ಒಮ್ಮೆ ತಡವರಿಸಿರುತ್ತದೆ.

ಇದಕ್ಕೆ ಹಲವು ತೇಪೆಗಳನ್ನು ಹಾಕಲಾಗಿದೆ, ಅವುಗಳಲ್ಲಿ ಕೆಲವು ತೇಪೆ ಎನ್ನಲಾರದಷ್ಟು ಚೆನ್ನಾಗಿವೆ. ಥ್ರೆಡ್ ಮಲಗುವ ಮುನ್ನ ಅದರ ಅಂದಾಜು ಎಷ್ಟಿತ್ತು ಎಂಬುದನ್ನು ನೆನಪಿಟ್ಟುಕೊಂಡು ಎಚ್ಚರಗೊಂಡಾಗ ಬಳಸುವ ಕ್ರಮ 2018ರಲ್ಲಿ ಬಂತು. ಅದರ ಮರುವರ್ಷ ಬಂದ ಯುಕ್ಲ್ಯಾಂಪ್ ಎಂಬ ಸೌಲಭ್ಯ ಇನ್ನೂ ಮುಖ್ಯವಾದದ್ದು: ‘ಈ ಥ್ರೆಡ್‌ನ ಅಂದಾಜು ಎಷ್ಟೇ ಇರಲಿ, ಇಷ್ಟಕ್ಕಿಂತ ಕಡಿಮೆ ಎಂದು ಭಾವಿಸಬೇಡ’ ಎಂದೋ, ‘ಇಷ್ಟಕ್ಕಿಂತ ಹೆಚ್ಚೆಂದು ಭಾವಿಸಬೇಡ’ ಎಂದೋ ಹೊರಗಿನಿಂದ ಹೇಳಲು ಅದು ಅವಕಾಶ ಕೊಡುತ್ತದೆ. ಈಗ ಪರದೆಯ ಮೇಲೆ ಯಾವ ಆ್ಯಪ್ ಇದೆ ಎಂಬುದು ಆಂಡ್ರಾಯ್ಡ್‌ಗೆ ಗೊತ್ತು. ಅದರ ಥ್ರೆಡ್‌ಗಳನ್ನು ಅದು ಒಂದು ವಿಶೇಷ ಗುಂಪಿಗೆ ಸೇರಿಸಿ ಎಲ್ಲ ಕೋರ್‌ಗಳ ಬಾಗಿಲನ್ನು ತೆರೆದಿಡುತ್ತದೆ. ಫೋಟೊ ಬ್ಯಾಕಪ್‌ನಂಥ ಹಿನ್ನೆಲೆಯ ಕೆಲಸಗಳನ್ನು ಸಾಮಾನ್ಯವಾಗಿ ಚಿಕ್ಕ ಕೋರ್‌ಗಳ ಗುಂಪಿಗೆ ಸೀಮಿತಗೊಳಿಸುತ್ತದೆ. ಹರಾಜಿನ ಹೊತ್ತಿನಲ್ಲಿ ಬ್ಯಾಕಪ್ ನಡೆಯುತ್ತಿದ್ದರೂ ದರ ಒತ್ತುವ ಗುಂಡಿ ಚುರುಕಾಗಿರುವುದು ಮುಖ್ಯವಾಗಿ ಈ ಬೇಲಿಯಿಂದ.

ಆ್ಯಪಲ್ ಆರಂಭದಿಂದಲೇ ಬೇರೆ ದಾರಿ ಹಿಡಿಯಿತು. 2014ರಿಂದ ಅದರ ವ್ಯವಸ್ಥೆಗಳಲ್ಲಿ ಪ್ರೋಗ್ರಾಮ್ ಬರೆಯುವವರು ಪ್ರತಿಯೊಂದು ಕೆಲಸದ ಸ್ವರೂಪವನ್ನು ತಾವೇ ಘೋಷಿಸುತ್ತಾರೆ: ಬಳಕೆದಾರರು ಈಗ ಎದುರಿಗೆ ಕಾಯುತ್ತಿರುವ ಕೆಲಸ, ಅವರು ಆರಂಭಿಸಿದ ಕೆಲಸ, ತುಸು ಹೊತ್ತು ಹಿಡಿದರೂ ನಡೆಯುವ ಕೆಲಸ, ಅವರ ಗಮನಕ್ಕೇ ಬಾರದ ಹಿನ್ನೆಲೆಯ ಕೆಲಸ. 2020ರಲ್ಲಿ ನಾಲ್ಕು ವೇಗದ ಮತ್ತು ನಾಲ್ಕು ಮಿತವ್ಯಯದ ಕೋರ್‌ಗಳಿರುವ ಎಂ1 ಚಿಪ್ ಮ್ಯಾಕ್‌ಗೆ ಬಂದಾಗ ಈ ಘೋಷಣೆಗಳ ಬೆಲೆ ಕಾಣಿಸಿತು. ಹಿನ್ನೆಲೆಯದೆಂದು ಘೋಷಿಸಿದ ಕೆಲಸ, ವೇಗದ ಕೋರ್‌ಗಳು ಖಾಲಿಯಿದ್ದರೂ ಮಿತವ್ಯಯದ ಕೋರ್‌ಗಳಲ್ಲೇ ಉಳಿಯುತ್ತದೆ. ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯಲ್ಲಿ ಜೋಡಣೆಯಾಗುವ ಐಫೋನ್‌ಗಳ ಒಳಗೂ ಇದೇ ವಿಂಗಡಣೆ ನಡೆಯುತ್ತದೆ. ಊಹೆಗಿಂತ ಘೋಷಣೆ ಮೇಲೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಂದು ಕೆಲಸ ಏತಕ್ಕಾಗಿ ನಡೆಯುತ್ತಿದೆ ಎಂಬುದು ಅದರ ಓಟದ ದಾಖಲೆಯಲ್ಲಿ ಎಂದೂ ಕಾಣುವುದಿಲ್ಲ. ಆದರೆ ಎಲ್ಲರೂ ತಮ್ಮ ಕೆಲಸವನ್ನು ಅತಿ ತುರ್ತಿನದೆಂದು ಘೋಷಿಸಿದರೆ ಈ ಕ್ರಮಕ್ಕೆ ಅರ್ಥವೇ ಉಳಿಯುವುದಿಲ್ಲ. ಅದು ನಿಂತಿರುವುದು ಬರೆಯುವವರ ಪ್ರಾಮಾಣಿಕತೆಯ ಮೇಲೆ.

ಇಂಟೆಲ್ ಮೂರನೆಯ ದಾರಿಯೊಂದನ್ನು ಸೇರಿಸಿತು. 2021ರ ಆಲ್ಡರ್ ಲೇಕ್ ಪ್ರೊಸೆಸರ್‌ಗಳಲ್ಲಿರುವ ಥ್ರೆಡ್ ಡೈರೆಕ್ಟರ್ ಎಂಬ ಯಂತ್ರಾಂಶ, ಓಡುತ್ತಿರುವ ಥ್ರೆಡ್ ಯಾವ ಬಗೆಯ ಆದೇಶಗಳನ್ನು ಬಳಸುತ್ತಿದೆ ಎಂಬುದನ್ನು ಗಮನಿಸಿ ಅದನ್ನು ಒಂದು ವರ್ಗಕ್ಕೆ ಸೇರಿಸುತ್ತದೆ. ಆ ವರ್ಗದ ಕೆಲಸಕ್ಕೆ ಯಾವ ಕೋರ್ ಎಷ್ಟು ವೇಗ, ಎಷ್ಟು ಮಿತವ್ಯಯ ಎಂಬ ಕೋಷ್ಟಕವನ್ನು ಆಪರೇಟಿಂಗ್ ಸಿಸ್ಟಮ್‌ನ ಮುಂದಿಡುತ್ತದೆ. ಇದರ ಅಗತ್ಯ ಹೀಗಿದೆ: ದೊಡ್ಡ ಕೋರ್ ಚಿಕ್ಕದಕ್ಕಿಂತ ಎಷ್ಟು ಪಟ್ಟು ವೇಗ ಎಂಬುದು ಒಂದು ಸ್ಥಿರ ಅಂಕಿಯಲ್ಲ. ಮೆಮೊರಿಗಾಗಿ ಕಾಯುವುದೇ ಹೆಚ್ಚಾಗಿರುವ ಕೆಲಸಕ್ಕೆ ದೊಡ್ಡ ಕೋರ್ ಕೊಟ್ಟರೂ ಅದು ಕಾಯುತ್ತಲೇ ಕೂರುತ್ತದೆ. ಏಕಕಾಲಕ್ಕೆ ಅನೇಕ ಸಂಖ್ಯೆಗಳ ಮೇಲೆ ನಡೆಯುವ ಗಣಿತದ ಕೆಲಸಕ್ಕೆ ಅಲ್ಲಿ ದೊಡ್ಡ ಲಾಭ. ಅದೇ ವರ್ಷ ಬಂದ ವಿಂಡೋಸ್ 11 ಈ ಕೋಷ್ಟಕವನ್ನು ಓದುವಂತೆ ಸಿದ್ಧವಾಗಿತ್ತು. ಒಂದೇ ಆದೇಶಸಂಚಯದ ನಿಯಮ ಇಲ್ಲಿಯೂ ತನ್ನ ಬೆಲೆ ವಸೂಲಿ ಮಾಡಿತು: ಎವಿಎಕ್ಸ್-512 ಎಂಬ ಗಣಿತದ ಆದೇಶಗಳು ದೊಡ್ಡ ಕೋರ್‌ಗಳಿಗೆ ತಿಳಿದಿದ್ದರೂ ಚಿಕ್ಕವಕ್ಕೆ ತಿಳಿಯದ ಕಾರಣ, ಅಂತಿಮವಾಗಿ ಅವುಗಳನ್ನು ದೊಡ್ಡ ಕೋರ್‌ಗಳಲ್ಲಿಯೂ ನಿಷ್ಕ್ರಿಯಗೊಳಿಸಲಾಯಿತು. ಆಲ್ಡರ್ ಲೇಕ್‌ನಲ್ಲಿ ಒಂದು ದೊಡ್ಡ ಕೋರ್ ಎರಡು ಥ್ರೆಡ್‌ಗಳನ್ನು ಒಟ್ಟಿಗೆ ನಡೆಸಬಲ್ಲದಾದರೂ ಎರಡನೆಯದು ಮೊದಲನೆಯದರ ಪಾಲನ್ನೇ ಹಂಚಿಕೊಳ್ಳುವುದರಿಂದ, ಭಾರದ ಕೆಲಸ ಬಂದಾಗ ಮೊದಲು ದೊಡ್ಡ ಕೋರ್‌ಗಳು, ಆಮೇಲೆ ಚಿಕ್ಕ ಕೋರ್‌ಗಳು, ಕೊನೆಗೆ ದೊಡ್ಡ ಕೋರ್‌ಗಳ ಎರಡನೆಯ ಸ್ಥಾನಗಳು ತುಂಬುವುದು ಸಾಮಾನ್ಯ ಕ್ರಮ.

ಒಂದೇ ಬಗೆಯ ಕೋರ್‌ಗಳಲ್ಲಿಯೂ ಅತಿ ವೇಗದ್ದು ಎಂಬುದೊಂದು ಇರುತ್ತದೆ. ಸಿಲಿಕಾನಿನ ತಯಾರಿಕೆಯಲ್ಲಿ ಉಳಿಯುವ ಅತಿಸೂಕ್ಷ್ಮ ವ್ಯತ್ಯಾಸಗಳಿಂದ ಒಂದೇ ಚಿಪ್ಪಿನ ಒಂದು ಕೋರ್ ಅದೇ ವೋಲ್ಟೇಜಿನಲ್ಲಿ ಇನ್ನೊಂದಕ್ಕಿಂತ ಹೆಚ್ಚಿನ ಆವರ್ತನ ತಾಳುತ್ತದೆ. ಇಂಟೆಲ್ 2016ರಲ್ಲಿ ಟರ್ಬೊ ಬೂಸ್ಟ್ ಮ್ಯಾಕ್ಸ್ 3.0 ಎಂಬ ಹೆಸರಿನಲ್ಲಿ ಅಂಥ ಕೋರ್‌ಗಳನ್ನು ಆಪರೇಟಿಂಗ್ ಸಿಸ್ಟಮ್‌ಗೆ ಗುರುತಿಸಿ ಹೇಳತೊಡಗಿತು. ಎಎಂಡಿಯ ಆದ್ಯತೆಯ ಕೋರ್‌ಗಳ ಶ್ರೇಣಿಯನ್ನು ಲಿನಕ್ಸ್ ತನ್ನ 2024ರ 6.9ನೇ ಆವೃತ್ತಿಯಿಂದ ಬಳಸುತ್ತಿದೆ.

ಹಾಗಾದರೆ ಓಡುತ್ತಿರುವ ಥ್ರೆಡ್ಡನ್ನು, ಉತ್ತಮ ಕೋರ್ ಖಾಲಿಯಾದಾಗಲೆಲ್ಲ ಅಲ್ಲಿಗೆ ಒಯ್ದರಾಯಿತಲ್ಲವೇ? ಇಲ್ಲ. ಬೇಸಿನ್ನಿನ ಬಿಸಿನೀರಿನಲ್ಲಿ ಅರ್ಧ ನೂಲು ಬಿಚ್ಚಿದ ಗೂಡನ್ನು ಎತ್ತಿ ಪಕ್ಕದ ಬೇಸಿನ್ನಿಗೆ ಹಾಕಿದರೆ ಎಳೆಯ ತುದಿಯನ್ನು ಮತ್ತೆ ಹುಡುಕಬೇಕಾಗುತ್ತದೆ. ಥ್ರೆಡ್‌ನ ಸ್ಥಿತಿಯೂ ಹಾಗೆಯೇ. ಅದು ಬಳಸುತ್ತಿದ್ದ ದತ್ತಾಂಶ ಹಳೆಯ ಕೋರಿಗೆ ಅಂಟಿಕೊಂಡ ಕ್ಯಾಷ್ ಎಂಬ ಚಿಕ್ಕ, ವೇಗದ ಮೆಮೊರಿಯಲ್ಲಿ ತುಂಬಿಕೊಂಡಿರುತ್ತದೆ; ಹೊಸ ಕೋರ್‌ನಲ್ಲಿ ಅದನ್ನು ಮತ್ತೆ ದೂರದಿಂದ ತರಿಸಿಕೊಳ್ಳಬೇಕು. ಎಎಂಡಿಯ ಹಲವು ಚಿಪ್‌ಗಳಲ್ಲಿ ಕೋರ್‌ಗಳ ಪ್ರತಿ ಗುಂಪಿಗೂ ಅದರ ಕೋರ್‌ಗಳು ಹಂಚಿಕೊಳ್ಳುವ ತನ್ನದೇ ಎಲ್3 ಕ್ಯಾಷ್ ಇರುವುದರಿಂದ ಒಂದು ಗುಂಪಿನಿಂದ ಇನ್ನೊಂದಕ್ಕೆ ಜಿಗಿಯುವ ವೆಚ್ಚ ಇನ್ನೂ ಹೆಚ್ಚು. ಹೊಸ ಕೋರ್‌ನಲ್ಲಿ ದೊರೆಯುವ ಲಾಭ ಈ ನಷ್ಟವನ್ನು ಮೀರುವುದೆಂಬ ನಂಬಿಕೆ ಇದ್ದಾಗ ಮಾತ್ರ ಸ್ಥಳಾಂತರಕ್ಕೆ ಅರ್ಥವಿದೆ, ಮತ್ತು ಆ ನಂಬಿಕೆಯೂ ಮತ್ತೆ ಊಹೆಯೇ.

ವೇಗದ ಕೋರಿನ ವೇಗ ಸ್ಥಿರವೂ ಅಲ್ಲ. ಪಾವಗಡದ ಕಡೆಯ ಬೇಸಿಗೆಯ ಬಿಸಿಲಿನಲ್ಲಿ ಮೊಬೈಲನ್ನು ಹೊರಗೆ ಹಿಡಿದು ವಿಡಿಯೊ ಚಿತ್ರೀಕರಿಸಿದವರಿಗೆ ಅದು ಕ್ರಮೇಣ ಮಂದವಾಗುವುದು ಅನುಭವಕ್ಕೆ ಬಂದಿರುತ್ತದೆ. ಚಿಪ್ಪಿನ ಉಷ್ಣ ನಿಯಂತ್ರಣ ಮೊದಲು ಕೈ ಹಾಕುವುದು ಹೆಚ್ಚು ಶಾಖ ಹುಟ್ಟಿಸುವ ದೊಡ್ಡ ಕೋರ್‌ಗಳ ಗರಿಷ್ಠ ಆವರ್ತನಕ್ಕೆ. ಶೆಡ್ಯೂಲರ್ ಮಾತ್ರ 1024 ಎಂಬ ಹಳೆಯ ಅಂಕಿಯನ್ನೇ ನಂಬಿ ಕೆಲಸಗಳನ್ನು ಅಲ್ಲಿಗೇ ತುಂಬುತ್ತಿದ್ದರೆ ಅವು ಅಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. 2020ರ 5.7ನೇ ಆವೃತ್ತಿಯಿಂದ ಲಿನಕ್ಸ್ ಈ ಉಷ್ಣದ ಒತ್ತಡವನ್ನು ಕೋರಿನ ಸಾಮರ್ಥ್ಯದಿಂದ ಕಳೆದು ನೋಡುತ್ತದೆ.

ಇಷ್ಟೆಲ್ಲ ಸರಿಯಾಗಿ ನಡೆದರೂ ತಪ್ಪಿಹೋಗುವ ಒಂದು ಸಂದರ್ಭವಿದೆ, ಮತ್ತು ಆ್ಯಪ್ ಬರೆಯುವವರು ಅದನ್ನು ತಪ್ಪದೆ ತಿಳಿದಿರಬೇಕು. ಹಿನ್ನೆಲೆಯ ಥ್ರೆಡ್ ಒಂದು ದತ್ತಾಂಶಕ್ಕೆ ಬೀಗ ಹಾಕಿಕೊಂಡು ಚಿಕ್ಕ ಕೋರ್‌ನಲ್ಲಿ ನಿಧಾನವಾಗಿ ಓಡುತ್ತಿದೆ; ಪರದೆಯ ಥ್ರೆಡ್‌ಗೆ ಅದೇ ದತ್ತಾಂಶ ಬೇಕು. ಆಗ ಅದಕ್ಕೆ ಅತಿ ವೇಗದ ಕೋರ್ ಕೊಟ್ಟರೂ ಪ್ರಯೋಜನವಿಲ್ಲ, ಬೀಗ ಬಿಡುವವರೆಗೆ ಕಾಯಬೇಕು. ಆದ್ಯತೆಯ ಈ ತಿರುವುಮುರುವು 1997ರಲ್ಲಿ ಮಂಗಳ ಗ್ರಹದ ಮೇಲಿದ್ದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರನ್ನು ಮತ್ತೆ ಮತ್ತೆ ಮರುಪ್ರಾರಂಭವಾಗುವಂತೆ ಮಾಡಿತ್ತು. ಬೀಗ ಹಿಡಿದವನಿಗೆ ಕಾಯುತ್ತಿರುವವನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಸೌಲಭ್ಯವನ್ನು ಭೂಮಿಯಿಂದಲೇ ಚಾಲೂ ಮಾಡಿ ಅದನ್ನು ಸರಿಪಡಿಸಿದರು. ಕೋರ್‌ಗಳು ಅಸಮಾನವಾಗಿರುವ ಇಂದಿನ ಯಂತ್ರಗಳಲ್ಲಿ ಬೀಗ ಹಿಡಿದವನಿಗೆ ಆದ್ಯತೆಯ ಜೊತೆಗೆ ದೊಡ್ಡ ಕೋರಿನ ಅರ್ಹತೆಯೂ ದೊರೆಯಬೇಕಾಗುತ್ತದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಪಠ್ಯ ಓದುವವರಿಗೆ ಒಂದು ಮಾತು. ಪಠ್ಯಪುಸ್ತಕದ ರೌಂಡ್ ರಾಬಿನ್ ಲೆಕ್ಕಗಳು ಒಂದೇ ಕೋರನ್ನು ಕಲ್ಪಿಸಿಕೊಂಡು ಬರೆದವು. ಅಸಮಾನ ಕೋರ್‌ಗಳ ಪ್ರಪಂಚವನ್ನು ಕಾಣಲು ಕೈಯಲ್ಲಿರುವ ಯಂತ್ರವೇ ಸಾಕು. ದೊಡ್ಡ-ಚಿಕ್ಕ ಕೋರ್‌ಗಳು ಬೆರೆತ ಹೈಬ್ರಿಡ್ ಪ್ರೊಸೆಸರಿನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದ್ದರೆ, ಟಾಸ್ಕ್‌ಸೆಟ್ ಆಜ್ಞೆಯಿಂದ ಒಂದೇ ಪ್ರೋಗ್ರಾಮನ್ನು ಮೊದಲು ದೊಡ್ಡ ಕೋರಿಗೂ ಆಮೇಲೆ ಚಿಕ್ಕದಕ್ಕೂ ಕಟ್ಟಿಹಾಕಿ ಕಾಲವನ್ನು ಅಳೆಯಬಹುದು. ಗಣಿತದ ಕೆಲಸಕ್ಕೂ ಮೆಮೊರಿಯನ್ನು ಜಾಲಾಡುವ ಕೆಲಸಕ್ಕೂ ಬರುವ ಅಂತರವನ್ನು ಹೋಲಿಸಬಹುದು. 2024ರ 6.12ನೇ ಆವೃತ್ತಿಯಲ್ಲಿ ಸೇರಿದ ಶೆಡ್-ಎಕ್ಸ್ಟ್ ಇನ್ನೂ ಮುಂದಕ್ಕೆ ಕರೆದೊಯ್ಯುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲನ್ನು ಮರುನಿರ್ಮಿಸದೆ, ಯಂತ್ರವನ್ನು ನಿಲ್ಲಿಸದೆ, ತಾವೇ ಬರೆದ ಶೆಡ್ಯೂಲರನ್ನು ಅದರಿಂದ ಚಾಲ್ತಿಗೆ ತರಬಹುದು. ಆ ಶೆಡ್ಯೂಲರ್ ಯಾವುದಾದರೂ ಥ್ರೆಡ್ಡನ್ನು ಬಹಳ ಹೊತ್ತು ಸಾಲಿನಲ್ಲೇ ಮರೆತುಬಿಟ್ಟರೆ ಕರ್ನಲ್ ಅದನ್ನು ಕಿತ್ತುಹಾಕಿ, ತನ್ನ ಮಾಮೂಲಿ ಶೆಡ್ಯೂಲರಿಗೆ ಎಲ್ಲ ಕೆಲಸಗಳನ್ನೂ ಮರಳಿ ಒಪ್ಪಿಸುತ್ತದೆ.